ಬಿ ವಿಭಾಗದಲ್ಲಿ ಕೂತ ಒಡೀಲಿಯಾ

ಒಡೀಲಿಯಾ ಫಗುಂಡಸ್ ಆಯುಸ್ಸಿನ ಬಹುಪಾಲನ್ನು ಶಾಲಾ ಬಸ್ಸು ಓಡಿಸುವುದರಲ್ಲಿ ಕಳೆದವಳು. ಮೆರಿಡೊ ಕೌಂಟಿಯ ಬಾದಾಮಿ ತೋಟಗಳ ನಡುವಿನ ರಸ್ತೆಗಳಲ್ಲಿ ಆಕೆಯ ಬಸ್ಸಿನ ಕನ್ನಡಿಗೆ ಬೀಳದೆ ದೊಡ್ಡವರಾದವರು ಕಡಿಮೆ. ಅಜೋರ್ಸ್ ದ್ವೀಪಗಳಿಂದ ಬಂದು ಹಸು ಕಟ್ಟಿದ ಮನೆತನ. ಗಂಡ ತೀರಿಕೊಂಡ ಮೇಲೆ ಹಸುಗಳನ್ನು ಮಾರಿ, ತಂಗಿ ಫಿಲೊಮೆನಾಳ ಜೊತೆ ಊರೊಳಗಿನ ಚಿಕ್ಕ ಮನೆಗೆ ಬಂದಿದ್ದಳು. ಎತ್ತರದ ಹೆಂಗಸು, ಮಂಡಿನೋವು, ಬಾಯಿ ಮಾತ್ರ ಗಟ್ಟಿ. ಊರಿನ ಯಾವ ದೊಡ್ಡ ಮನುಷ್ಯನನ್ನು ಕಂಡರೂ ಅವನು ಚಿಕ್ಕವನಿದ್ದಾಗ ಯಾವ ಸೀಟಿನಲ್ಲಿ ಕೂತು ಏನು ಮಾಡುತ್ತಿದ್ದ ಎನ್ನುವುದೇ ಆಕೆಗೆ ಮೊದಲು ನೆನಪಾಗುತ್ತಿತ್ತು. ಹಾಗಾಗಿ ಯಾರ ಮೇಲೂ ಗೌರವ ಹುಟ್ಟುವುದು ಕಷ್ಟವಾಗಿತ್ತು.

ಕೌಂಟಿಯ ಪೊಲೀಸು, ಜೈಲು ಎರಡನ್ನೂ ನೋಡಿಕೊಳ್ಳುವ ಶೆರಿಫ್ ಡ್ವೇನ್ ಹಾಲೆನ್‌ಬೆಕ್ ಕೂಡ ಆ ಬಸ್ಸಿನವನೇ. ಆಕೆಯ ಬೆನ್ನಿಗೆ ಅಂಟಿದ ಹಾಗೆ ಮುಂದಿನ ಸೀಟಿನಲ್ಲಿ ಕೂತು, ಹಿಂದಿನ ಹುಡುಗರ ಮೇಲೆ ಚಾಡಿ ಹೇಳುವುದು ಅವನ ನಿತ್ಯದ ಕಸುಬು.

“ಈಗ ಅದೇ ಕಸುಬಿಗೆ ಜನ ಓಟು ಹಾಕಿ ಸೊಂಟಕ್ಕೆ ಪಿಸ್ತೂಲು ಕಟ್ಟಿದಾರೆ, ಅಷ್ಟೇ,” ಎನ್ನುತ್ತಿದ್ದಳು ತಂಗಿಗೆ.

ಜೈಲಿನಲ್ಲಿ ಕೈದಿಯೊಬ್ಬ ಸತ್ತು ಪತ್ರಿಕೆಗಳಲ್ಲಿ ಗಲಾಟೆಯಾದ ವರ್ಷ, ಕೌಂಟಿ ಮಂಡಳಿ ಶೆರಿಫನ ಇಲಾಖೆಯ ಮೇಲೆ ಕಣ್ಣಿಡಲು ನಾಗರಿಕರದೊಂದು ಉಸ್ತುವಾರಿ ಸಮಿತಿ ಮಾಡಿತು. ಟ್ರ್ಯಾಕ್ಟರ್ ವ್ಯಾಪಾರಿ ಗೇಲಾರ್ಡ್ ಪ್ರೂಯಿಟ್ ಅಧ್ಯಕ್ಷನಾದ. ಶೆರಿಫನ ಚುನಾವಣೆಗೆ ಬ್ಯಾನರು ಕಟ್ಟಿದವನೂ ಅವನೇ. ಒಬ್ಬ ಪಾದ್ರಿ, ಒಬ್ಬ ಹಲ್ಲಿನ ಡಾಕ್ಟರು, ಇನ್ನಿಬ್ಬರು ವ್ಯಾಪಾರಿಗಳು ಸೇರಿದರು. ಕೊನೆಯ ಜಾಗಕ್ಕೆ ಊರಿಗೆಲ್ಲ ಗೊತ್ತಿರುವ, ಯಾರಿಗೂ ತೊಂದರೆ ಕೊಡದ ಮುದುಕಿಯೊಬ್ಬಳು ಬೇಕಾಗಿತ್ತು. ಒಡೀಲಿಯಾಳ ಹೆಸರು ಬಂತು. ಬಸ್ಸಿನೊಳಗಿನ ಒಡೀಲಿಯಾಳನ್ನು ಅವರೆಲ್ಲ ಮರೆತೇಬಿಟ್ಟಿದ್ದರು.

ಸಮಿತಿಯ ಕೆಲಸ ನೋಡಿದ ಮೇಲೆ ಆಕೆಗೆ ನಗು ತಡೆಯಲಾಗಲಿಲ್ಲ. ಜೈಲಿನ ತಪಾಸಣೆ ಎಂದರೆ ಮೊದಲೇ ದಿನ ಗೊತ್ತುಮಾಡಿ, ಹೊಸ ಬಣ್ಣದ ವಾಸನೆಯ ನಡುವೆ ಒಂದು ಸುತ್ತು ಹಾಕಿ, ಅಂಗಳದಲ್ಲಿ ಶೆರಿಫನ ಆಳುಗಳು ಕೆಂಡದ ಮೇಲೆ ಸುಟ್ಟ ಮಾಂಸ ತಿಂದು ಬರುವುದು. ಪ್ರೂಯಿಟ್ ಬೆರಳು ನೆಕ್ಕುತ್ತ, “ಶೆರಿಫ್, ನಿಮ್ಮ ಜೈಲು ನಮ್ಮ ಮನೆಗಿಂತ ಚೊಕ್ಕವಾಗಿದೆ!” ಎನ್ನುತ್ತಿದ್ದ. ಉಳಿದವರು ಕೋಲೆ ಬಸವನ ಹಾಗೆ ತಲೆಯಾಡಿಸುತ್ತಿದ್ದರು.

“ಹಾಗಾದ್ರೆ ಬಂದು ಇದ್ಬಿಡು ಗೇಲಾರ್ಡ್,” ಎಂದಳು ಒಮ್ಮೆ ಒಡೀಲಿಯಾ. “ನಿನ್ನ ಹೆಂಡ್ತಿಗೂ ಒಂದಷ್ಟು ದಿನ ನೆಮ್ಮದಿ.”

ಎಲ್ಲರೂ ನಕ್ಕರು. ಮುದುಕಿ ತಮಾಷೆಗಾರ್ತಿ ಎಂದುಕೊಂಡರು.

ಜುಲೈ ತಿಂಗಳ ಒಂದು ಭಾನುವಾರ, ಚರ್ಚಿನಲ್ಲಿ ಪೂಜೆ ಮುಗಿಸಿ ಹೊರಬಂದಾಗ ಎಸ್ಪೆರಾನ್ಸಾ ಎಸ್ಕಮಿಯಾ ಅಡ್ಡ ಬಂದು ನಿಂತಳು. ಬಾದಾಮಿ ಸುಲಿಯುವ ಕಾರ್ಖಾನೆಯಲ್ಲಿ ದುಡಿಯುವವಳು. ಆಕೆಯ ಮಗ ರೂಡಿ ತಾಮ್ರದ ತಂತಿ ಕದ್ದ ಆಪಾದನೆಯ ಮೇಲೆ ಜೈಲಿನಲ್ಲಿದ್ದ. ವಿಚಾರಣೆ ಇನ್ನೂ ಆಗಿರಲಿಲ್ಲ.

“ಅಮ್ಮಾ, ನೀವು ಸಮಿತೀಲಿದೀರಂತಲ್ಲ. ಬಿ ವಿಭಾಗದಲ್ಲಿ ಕೂಲರ್ ಕೆಟ್ಟು ಎಷ್ಟೋ ಕಾಲ ಆಯ್ತಂತೆ. ನನ್ನ ಮಗ ಎರಡು ಸಲ ತಲೆ ತಿರುಗಿ ಬಿದ್ದಿದಾನೆ.”

“ನಿನ್ನ ಮಗನಾ? ನನ್ನ ಬಸ್ಸಿನ ಸೀಟೆಲ್ಲ ಚಾಕೂಲಿ ಕುಯ್ದೋನು ಅವನು.”

“ಹೌದಮ್ಮಾ, ಕುಯ್ದ. ಅದಕ್ಕೆ ನಾನೇ ಅವನಿಗೆ ಬಾರಿಸಿದ್ದೆ. ಅದಕ್ಕೂ ಇದಕ್ಕೂ ಏನು ಸಂಬಂಧ?”

ಒಡೀಲಿಯಾ ಮನೆಗೆ ಬಂದು ತಂಗಿಯ ಮೇಲೆ ರೇಗಾಡಿದಳು.

ಆ ಶನಿವಾರ ಸಮಿತಿಯ ಗುರುತಿನ ಬಿಲ್ಲೆ ಮನೆಯಲ್ಲೇ ಬಿಟ್ಟು, ಕೈದಿಗಳ ತಾಯಂದಿರು, ಹೆಂಡಿರ ಜೊತೆ ಸಾಲಿನಲ್ಲಿ ನಿಂತು ರೂಡಿಯನ್ನು ನೋಡಲು ಹೋದಳು. ಗಾಜಿನ ಆಚೆ ಕೂತ ರೂಡಿಯ ತುಟಿ ಒಡೆದಿತ್ತು, ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಫೋನಿನಲ್ಲಿ ಅವನ ಮೊದಲ ಮಾತು, “ಸೀಟಿನ ದುಡ್ಡು ಕೇಳೋಕೆ ಬಂದ್ರಾ?”

“ಹಲ್ಲು ಬಿಡಬೇಡ. ಒಳಗೆ ಹೇಗಿದೆ ಹೇಳು.”

“ಹೇಗಿರುತ್ತೆ? ಗೋಡೆ ಮುಟ್ಟಿದ್ರೆ ಕೈ ಸುಡುತ್ತೆ. ನೆಲದ ಮೇಲೆ ನೀರು ಚೆಲ್ಕೊಂಡು ಅದರ ಮೇಲೆ ಮಲಗ್ತೀವಿ. ಮುದುಕ ಒಬ್ಬ ಇದಾನೆ, ಮಾತಾಡೋದೇ ಬಿಟ್ಟಿದಾನೆ.”

ಆಕೆ ಗಾಜಿನ ಮೇಲೆ ಅಂಗೈ ಇಟ್ಟಳು. ಅದೂ ಬಿಸಿಯಾಗಿತ್ತು. ಹಿಂದಿನ ತಿಂಗಳು ಇದೇ ಕಟ್ಟಡದ ಅಂಗಳದಲ್ಲಿ ತಾನೂ ಮಾಂಸ ತಿಂದು, ಇನ್ನೊಂದು ತುಂಡು ಕೇಳಿ ಹಾಕಿಸಿಕೊಂಡದ್ದು ನೆನಪಾಗಿ ಬಾಯಿ ಕಹಿಯಾಯಿತು.

ಸಮಿತಿಯ ಮುಂದಿನ ಸಭೆ ಶೆರಿಫನ ತಣ್ಣನೆಯ ಸಭಾಂಗಣದಲ್ಲಿ ನಡೆಯಿತು. ಎಸ್ಪೆರಾನ್ಸಾ ಮತ್ತು ಇನ್ನಷ್ಟು ತಾಯಂದಿರು ಹಿಂದಿನ ಕುರ್ಚಿಗಳಲ್ಲಿದ್ದರು. ಪತ್ರಿಕೆಯ ಹುಡುಗಿಯೊಬ್ಬಳೂ ಇದ್ದಳು. ಒಡೀಲಿಯಾ ಕೂಲರಿನ ಮಾತೆತ್ತಿದಳು. ಹಾಲೆನ್‌ಬೆಕ್ ಬೆಲ್ಟು ಮೇಲೆಳೆದುಕೊಂಡು ನಕ್ಕ.

“ಕೈದಿಗಳ ಮಾತು ನಂಬ್ತೀರಾ ಮಿಸೆಸ್ ಫಗುಂಡಸ್? ಕೂಲರ್ ಯಾವಾಗ್ಲೋ ರಿಪೇರಿ ಆಯ್ತು. ಬಿ ವಿಭಾಗ ಈ ಕೋಣೆಯಷ್ಟೇ ತಂಪಾಗಿದೆ. ಬರ್ಕೊಳ್ಳಿ ಬೇಕಾದ್ರೆ.”

“ಈ ಕೋಣೆಯಷ್ಟೇ?”

“ಈ ಕೋಣೆಯಷ್ಟೇ.”

“ಬಹಳ ಸಂತೋಷ. ಹಾಗಾದ್ರೆ ಮುಂದಿನ ಸಭೆ ಅಲ್ಲೇ ಮಾಡೋಣ. ಇದು ನನ್ನ ಸೂಚನೆ.”

ಶೆರಿಫನ ನಗು ಅರ್ಧಕ್ಕೆ ನಿಂತಿತು. ಅವನು ಬಾಯಿ ತೆರೆಯುವ ಮೊದಲೇ ಪ್ರೂಯಿಟ್, ಇದು ತನ್ನ ಗೆಳೆಯನ ಹಿರಿಮೆ ಸಾರುವ ಮಾತೆಂದೇ ತಿಳಿದು, “ಭೇಷ್! ನಾನು ಅನುಮೋದಿಸ್ತೀನಿ!” ಎಂದುಬಿಟ್ಟ. ಎಲ್ಲ ಕೈಗಳೂ ಅಭ್ಯಾಸದಂತೆ ಮೇಲೆದ್ದವು. ಹಿಂದೆ ಕೂತ ತಾಯಂದಿರು ಚಪ್ಪಾಳೆ ತಟ್ಟಿದರು. ಪ್ರೂಯಿಟ್ ಅದು ತನಗೇ ಎಂದುಕೊಂಡು ತಲೆಬಾಗಿದ.

ಆಗಸ್ಟಿನ ಸಭೆಯ ದಿನ ಸಮಿತಿಯವರು, ತಾಯಂದಿರು, ಪತ್ರಿಕೆಯ ಹುಡುಗಿ ಬಿ ವಿಭಾಗದ ಹಜಾರಕ್ಕೆ ಕಾಲಿಟ್ಟಾಗ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಕೈದಿಗಳನ್ನು ಬೇರೆಡೆಗೆ ಸಾಗಿಸಿದ್ದರು. ಮೇಜಿನ ಸುತ್ತ, ಅದೇ ದಿನ ಬಾಡಿಗೆಗೆ ತಂದ ದೈತ್ಯ ಕೂಲರುಗಳು ಸಮಿತಿಯತ್ತಲೇ ಮುಖಮಾಡಿ ಗುಡುಗುತ್ತಿದ್ದವು. ಒಂದರ ಮೇಲೆ ಬಾಡಿಗೆ ಅಂಗಡಿಯ ಚೀಟಿ ಇನ್ನೂ ಅಂಟಿತ್ತು. ಮಂಜುಗಡ್ಡೆ ಹಾಕಿದ ನಿಂಬೆ ಪಾನಕದ ಹೂಜಿಗಳೂ ಇದ್ದವು.

“ಏನಂತೀರಿ ಮಿಸೆಸ್ ಫಗುಂಡಸ್? ಶಾಲು ತರಿಸ್ಲಾ?” ಎಂದ ಹಾಲೆನ್‌ಬೆಕ್.

ಹಲ್ಲಿನ ಡಾಕ್ಟರು ಕಿಸಕ್ಕನೆ ನಕ್ಕರು. ಒಡೀಲಿಯಾಳಿಗೆ ಅರ್ಥವಾಯಿತು. ತನ್ನನ್ನು ಎಳೆಮಗುವಿನ ಹಾಗೆ ಆಡಿಸಿದ್ದರು. ಇನ್ನು ಎಲ್ಲರೂ ಪಾನಕ ಕುಡಿದು, ಜೈಲು ತಂಪಾಗಿದೆಯೆಂದು ಬರೆದು ಸಹಿ ಹಾಕುತ್ತಾರೆ. ಆಕೆ ತಿರುಗಿ, ಹಜಾರದ ಕೊನೆಗೆ ನಡೆದು, ಬಾಗಿಲು ತೆರೆದಿದ್ದ ಒಂದು ಸೆಲ್ಲಿನೊಳಗೆ ಹೋಗಿ ಕಬ್ಬಿಣದ ಮಂಚದ ಮೇಲೆ ಕೂತುಬಿಟ್ಟಳು. ಬಾಡಿಗೆಯ ಗಾಳಿ ಅಲ್ಲಿಗೆ ತಲುಪುತ್ತಿರಲಿಲ್ಲ. ಗೋಡೆಯಿಂದ ಒಲೆಯ ಬಾಯಿಯಂತೆ ಕಾವು ಹೊಡೆಯುತ್ತಿತ್ತು.

“ನಡೆಸಿ ಸಭೇನ,” ಎಂದು ಅಲ್ಲಿಂದಲೇ ಕೂಗಿದಳು. “ನಂಗೆ ಇಲ್ಲಿಂದ ಕೇಳುತ್ತೆ.”

ಪ್ರೂಯಿಟ್ ಗಂಟಲು ಸರಿಮಾಡಿಕೊಂಡು ಏನೋ ಓದಲು ಶುರುಮಾಡಿದ. ಪತ್ರಿಕೆಯ ಹುಡುಗಿ ಎದ್ದು ಸೆಲ್ಲಿನ ಬಾಗಿಲಿಗೆ ಬಂದು ನಿಂತಳು. ಆಕೆಯ ಹಿಂದೆಯೇ ತಾಯಂದಿರೂ ಬಂದರು. ಕೊನೆಗೆ ಶೆರಿಫನೇ ಬರಬೇಕಾಯಿತು.

“ಮಿಸೆಸ್ ಫಗುಂಡಸ್, ದಯವಿಟ್ಟು ಹೊರಗೆ ಬನ್ನಿ.”

“ಒಳ್ಳೆ ಜೈಲು ನಿಂದು ಡ್ವೇನ್! ಶೆರಿಫೇ ನಿಂತು ಹೊರಗೆ ಬಾ ಅಂತ ಬೇಡ್ಕೊತಾನೆ. ಮಿಕ್ಕೋರಿಗೂ ಹೀಗೇ ಹೇಳ್ತೀಯಾ?”

“ನಿಮ್ಮ ವಯಸ್ಸಿಗೆ ಇದು ಒಳ್ಳೇದಲ್ಲ.”

“ಯಾಕಪ್ಪಾ, ತಂಪಾಗಿದೆಯಲ್ಲ! ನೀನೇ ಬರ್ಕೊಳ್ಳಿ ಅಂದೆ.”

ಅವನ ಕುತ್ತಿಗೆ ಕೆಂಪಾಯಿತು. ಆಕೆಯ ತಲೆ ಆಗಲೇ ದಿಮ್ಮೆನ್ನುತ್ತಿತ್ತು. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಆದರೆ ಅವನೆದುರು ಕಣ್ಣೊರೆಸಿಕೊಳ್ಳಲು ಮನಸ್ಸಾಗಲಿಲ್ಲ. “ಗೇಲಾರ್ಡ್! ನೀನು ಬಾ ಇಲ್ಲಿ. ನಿಮ್ಮನೆಗಿಂತ ಚೊಕ್ಕ ಅಂದಿದ್ದೆಯಲ್ಲ. ಎಲ್ಲರೂ ಒಂದು ಸರದಿ ಇಲ್ಲಿ ಕೂತು ಎದ್ದ ಮೇಲೆ ನಾನು ಹೊರಗೆ ಬರ್ತೀನಿ. ಇಲ್ಲಾಂದ್ರೆ ಇಲ್ಲೇ ಬಿದ್ದು ಸಾಯ್ತೀನಿ. ಮೊದಲ್ನೇ ಪುಟಕ್ಕೆ ಬರುತ್ತೆ.”

ಪತ್ರಿಕೆಯ ಹುಡುಗಿ ಫೋನು ಮೇಲೆತ್ತಿದಳು. ಪ್ರೂಯಿಟ್ ಒಳಗೆ ಬಂದು ಮಂಚದ ತುದಿಯಲ್ಲಿ ಕೂತ. ಅವನ ಅಂಗಿಯ ಬೆನ್ನು ನೋಡನೋಡುತ್ತಿದ್ದಂತೆ ಬಣ್ಣ ಬದಲಿಸಿತು. ಪಾದ್ರಿ ಕಾಲರು ಸಡಿಲಿಸಿದರು. ಹಲ್ಲಿನ ಡಾಕ್ಟರು ಬಾಗಿಲಲ್ಲೇ ನಿಂತು, “ನಂಗೆ ರಕ್ತದೊತ್ತಡ ಇದೆ,” ಎಂದರು.

“ಒಳಗಿರೋರಿಗೂ ಇರುತ್ತೆ ಡಾಕ್ಟ್ರೇ. ಬನ್ನಿ,” ಎಂದಳು ಎಸ್ಪೆರಾನ್ಸಾ. ಡಾಕ್ಟರು ಬಂದರು.

ಹೊಸ ಕೂಲರು ಹಾಕಿಸಬೇಕೆಂಬ ಶಿಫಾರಸಿಗೆ ಅದೇ ಸೆಲ್ಲಿನಲ್ಲಿ ಕೈಗಳು ಎದ್ದವು. ಹೊರಗೆ ಬರುವಾಗ ಒಡೀಲಿಯಾಳ ಕಾಲು ಸೋತಿತು. ಎಸ್ಪೆರಾನ್ಸಾ ತೋಳು ಕೊಟ್ಟು ಕಾರಿನವರೆಗೆ ನಡೆಸಿದಳು. “ನಿನ್ನ ಮಗ ಕಳ್ಳನೇ ಇರಬಹುದು,” ಎಂದಳು ಒಡೀಲಿಯಾ ಏದುಸಿರು ಬಿಡುತ್ತ. “ಆದ್ರೆ ರೊಟ್ಟಿ ಅಲ್ವಲ್ಲ, ಹಾಗೆ ಬೇಯಿಸೋಕೆ.” ಎಸ್ಪೆರಾನ್ಸಾ ನಗಬೇಕೋ ಅಳಬೇಕೋ ತಿಳಿಯದೆ ಕಾರಿನ ಬಾಗಿಲು ತೆಗೆದಳು.

ಕೂಲರುಗಳು ಬಂದವು. ಕೌಂಟಿ ಮಂಡಳಿ ಚರ್ಚಿಸಿ, ಮುಂದೂಡಿ, ಮತ್ತೆ ಚರ್ಚಿಸಿ ತರಿಸುವಷ್ಟರಲ್ಲಿ ನವೆಂಬರ್ ಆಗಿತ್ತು. ಕಣಿವೆಯ ತುಂಬ ಮಂಜು ಕವಿದು ಎದುರಿನ ದೀಪದ ಕಂಬ ಕಾಣುತ್ತಿರಲಿಲ್ಲ. ಹಾಲೆನ್‌ಬೆಕ್ ರಿಬ್ಬನ್ನು ಕತ್ತರಿಸಿ ಫೋಟೋ ತೆಗೆಸಿಕೊಂಡ. ಒಡೀಲಿಯಾಳ ಅವಧಿಯನ್ನು ಮುಂದುವರಿಸಲಿಲ್ಲ. ಆಕೆಗೆ ಸೇವಾ ಫಲಕವೊಂದನ್ನು ಕೊಟ್ಟು, ಆ ಜಾಗಕ್ಕೆ ಗಾಲ್ಫ್ ಮೈದಾನದ ಮ್ಯಾನೇಜರನ್ನು ಹಾಕಿದರು. ಫಲಕದಲ್ಲಿ ಆಕೆಯ ಹೆಸರು ತಪ್ಪಾಗಿತ್ತು. ಫಿಲೊಮೆನಾ ಅದನ್ನು ಗ್ಯಾರೇಜಿನ ಬಾಗಿಲು ಮುಚ್ಚಿಕೊಳ್ಳದ ಹಾಗೆ ಅಡ್ಡ ಇಟ್ಟಳು.

ಕ್ರಿಸ್‌ಮಸ್ಸಿಗೆ ಮುಂಚೆ ರೂಡಿ ಬಿಡುಗಡೆಯಾದ. ಕಿರಾಣಿ ಅಂಗಡಿಯಲ್ಲಿ ಎದುರಾದಾಗ ಒಡೀಲಿಯಾ ಸಾಮಾನಿನ ತಳ್ಳುಗಾಡಿ ನಿಲ್ಲಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಧನ್ಯವಾದದ ಮಾತನ್ನೇನೂ ಅವಳು ನಿರೀಕ್ಷಿಸಿರಲಿಲ್ಲ, ಅವನೂ ಹೇಳಲಿಲ್ಲ.

“ಆ ಕೂಲರ್ ಈ ಚಳೀಲೂ ಹಗಲೂ ರಾತ್ರಿ ಓಡಿಸ್ತಾರೆ ಅಜ್ಜಿ,” ಎಂದ. “ಹಲ್ಲು ಕಟಕಟ ಅನ್ನುತ್ತೆ. ಎರಡನೇ ಕಂಬಳಿ ಕೇಳಿದ್ರೆ, ನಿಮ್ಮ ಬಸ್ಸಿನ ಮುದುಕೀನೇ ಕೇಳ್ಕೊಳ್ಳಿ ಅಂತಾರೆ.”

“ಹಾಗಂತಾರಾ?”

“ಹಾಗೇ ಅಂತಾರೆ.”

ಮುಂದಿನ ಸಭೆಗೆ ಒಡೀಲಿಯಾ ಹೋದಳು. ಹಿಂದಿನ ಸಾಲಿನಲ್ಲಿ, ಸಾರ್ವಜನಿಕರ ಕುರ್ಚಿಯಲ್ಲಿ, ಎಸ್ಪೆರಾನ್ಸಾಳ ಪಕ್ಕ ಕೂತಳು. ಜನರು ಮಾತಾಡುವ ಸರದಿ ಬಂದಾಗ ಮಂಡಿ ಹಿಡಿದುಕೊಂಡು ಎದ್ದು ಮೈಕಿನತ್ತ ನಡೆದಳು. ಆಕೆ ಬರುವುದನ್ನು ಕಂಡು ಪ್ರೂಯಿಟ್ ನೀರಿನ ಲೋಟಕ್ಕೆ ಕೈಹಾಕಿದ. ಹಾಲೆನ್‌ಬೆಕ್ ಚಾವಣಿ ನೋಡಿದ.

“ಇಲ್ನೋಡು ಡ್ವೇನ್,” ಎಂದಳು. “ಕಂಬಳಿ ವಿಷಯ ಮಾತಾಡೋಣ.”