ಹನ್ಸತು ಕುಡಿಸಿದ ಬೇವಿನೆಣ್ಣೆ

ನಮ್ಮ ವಠಾರದ ಹನ್ಸತು ಜಾರಿಯಾ ಪಟ್ಟಣದ ಕಾಲೇಜಿನಲ್ಲಿ ಇಲಿ ಸಾಕುವ ಕೆಲಸದವಳು. ಬೋನು ತೊಳೆಯುವುದು, ಕಾಳು ಹಾಕುವುದು, ಮೇಷ್ಟ್ರು ಹೇಳಿದ ದಿನ ಕೊಯ್ಯಲು ಹಿಡಿದುಕೊಡುವುದು. ನಾನು ಹೆತ್ತ ಮೇಲೆ ನಲವತ್ತು ದಿನ ಬಾಣಂತಿ ಸ್ನಾನಕ್ಕೆ ಬೇವಿನ ಸೊಪ್ಪನ್ನು ಬಿಸಿನೀರಿಗೆ ಅದ್ದಿ ನನ್ನ ಬೆನ್ನಿಗೆ ಬಡಿದವಳೂ ಅವಳೇ. ಸ್ನಾನ ಮುಗಿದರೆ ನನ್ನ ಮಗಳನ್ನು ಎತ್ತಿಕೊಂಡು ನೆತ್ತಿ ಮೂಸುತ್ತ ಕೂರುತ್ತಿದ್ದಳು. ಮಗು ಹಾಲಿಗೆ ಅತ್ತರೂ ನನ್ನ ಕೈಗೆ ಕೊಡಲು ಅವಳಿಗೆ ಮನಸ್ಸಿಲ್ಲ. ಮದುವೆಯಾಗಿ ಐದು ವರ್ಷ, ಅವಳಿಗೆ ಮಕ್ಕಳಿಲ್ಲ.

ಅವಳ ಅತ್ತೆ ಇನ್ನಾ ಕುಲು ಬೇವಿನ ಬೀಜ ಕುಟ್ಟಿ ಎಣ್ಣೆ ತೆಗೆಯುವವರು. ಹೇನಿಗೆ, ಕಜ್ಜಿಗೆ ಊರೆಲ್ಲ ಒಯ್ಯುತ್ತದೆ. ಸೊಸೆಯ ಗರ್ಭ ಶುದ್ಧವಾಗಲೆಂದು ದಿನಾ ಬೆಳಿಗ್ಗೆ ಒಂದು ಚಮಚ ಕುಡಿಸುತ್ತಿದ್ದರು. "ಮೂಗು ಮುಚ್ಕೊಂಡು ನುಂಗೇ. ಇಷ್ಟಕ್ಕೇ ಮುಖ ಹಿಂಡಿದ್ರೆ ಹೆರೋದು ಹೇಗೆ?"

ಈ ಮಳೆಗಾಲದಲ್ಲಿ ಮೇಷ್ಟ್ರಿಗೆ ಪ್ರಯೋಗಕ್ಕೆ ಬೇವಿನೆಣ್ಣೆ ಬೇಕಾಯಿತು. ಹನ್ಸತು ಹೆಮ್ಮೆಯಿಂದ ಅತ್ತೆಯ ಎಣ್ಣೆಯನ್ನೇ ಒಯ್ದಳು. ಎರಡು ತಿಂಗಳು ತಾನೇ ಹನ್ನೆರಡು ಹೆಣ್ಣಿಲಿಗಳ ಗಂಟಲಿಗೆ ಬಿಟ್ಟಳು. ಬರೀ ನೀರು ಕುಡಿದ ಇಲಿಗಳು ಬೋನು ತುಂಬ ಮರಿ ಹಾಕಿದವು. ಎಣ್ಣೆ ಕುಡಿದವುಗಳಲ್ಲಿ ಒಂದೂ ಗಬ್ಬವಾಗಲಿಲ್ಲ. ಕೊಯ್ದು ನೋಡಿದರೆ ಪಿತ್ತಜನಕಾಂಗ ಊದಿ ಬಣ್ಣಗೆಟ್ಟಿತ್ತು, ಮೂತ್ರಪಿಂಡ ಬಿಳುಚಿತ್ತು.

"ಇದನ್ನ ಯಾರಾದ್ರೂ ಕುಡೀತಾರೇನಮ್ಮ?" ಎಂದರಂತೆ ಮೇಷ್ಟ್ರು.

"ಇಲ್ಲ ಸಾರ್, ತಲೆಗೆ ಹಚ್ತೀವಿ" ಎಂದು ಹೇಳಿ ಬಂದವಳು ನನ್ನ ಹೊಸ್ತಿಲಲ್ಲಿ ಕೂತು ಎಲ್ಲ ಹೇಳಿದಳು. ಮಕ್ಕಳಾಗಲಿಲ್ಲವೆಂದು ಆ ಹೊತ್ತಿಗಾಗಲೇ ಗಂಡ ಮುಂತಾರಿಗೆ ಎರಡನೇ ಮದುವೆ ನಿಶ್ಚಯವಾಗಿತ್ತು. ಈಗಲಾದರೂ ತಪ್ಪು ತನ್ನದಲ್ಲವೆಂದು ಮನೆಯವರು ಒಪ್ಪಿದರೆ ಮದುವೆ ನಿಂತೀತು ಎಂಬ ಆಸೆ ಅವಳದು.

ಅವಳು ಮನೆಯಲ್ಲಿ ಇಲಿಗಳ ವಿಷಯ ಹೇಳಿದರೆ ಇನ್ನಾ ಕುಲು ನಕ್ಕುಬಿಟ್ಟರು. "ಏಳು ಹೆತ್ತೋಳು ನಾನು. ನನ್ನ ಎಣ್ಣೆಗೆ ಇಲಿ ಸಾಕ್ಷಿ ತಂದ್ಯಾ? ಬಂಜೆ ನೆಲ ಬಿತ್ತಿದ ಬೀಜನ ಬೈತಂತೆ!"

ಮುಂತಾರಿ ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. "ಅಮ್ಮನ ಮೇಲೆ ಹೇಳ್ಬೇಡ. ಸಾರು ಹಾಕು."

ಹೋದ ಗುರುವಾರ ಮದುಮಗಳು ಬಿಲ್ಕಿ ಬಂದಳು, ಅಂಗೈ ತುಂಬ ಗೋರಂಟಿ, ಬಾಯಿ ತುಂಬ ನಗು. ಹೊಸಬಳಿಗೆ ಮೊದಲ ಏಳು ದಿನ ಉಣಿಸುವುದು, ಕುಡಿಸುವುದು ಹಿರಿಯ ಹೆಂಡತಿಯ ಕೆಲಸ. ಅವಳ ಮನಸ್ಸು ದೊಡ್ಡದೋ ಸಣ್ಣದೋ ಎಂದು ವಠಾರವೆಲ್ಲ ಆ ಏಳು ದಿನ ಕಣ್ಣಿಟ್ಟಿರುತ್ತದೆ. ಶುಕ್ರವಾರ ಬೆಳಿಗ್ಗೆ ಇನ್ನಾ ಕುಲು ಅದೇ ಎಣ್ಣೆಯ ಸೀಸೆ, ಚಮಚ ತಂದು ಎಲ್ಲರೆದುರು ಹನ್ಸತುವಿನ ಕೈಗಿಟ್ಟರು.

ಹನ್ಸತು ಸೀಸೆಯನ್ನು ನೋಡಿದಳು. ನನ್ನನ್ನೂ ನೋಡಿದಳು. ನಾನು ಮಗುವಿಗೆ ಹಾಲು ಕೊಡುತ್ತಿದ್ದೆ. ಇರುವುದು ಇನ್ನಾ ಕುಲು ಬಾಡಿಗೆಗೆ ಕೊಟ್ಟ ಕೋಣೆಯಲ್ಲಿ. ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸಿದೆ.

"ಬಾಯಿ ತೆಗಿ ಪುಟ್ಟಿ" ಎಂದಳು ಹನ್ಸತು. ಬಿಲ್ಕಿಯ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು, ತಲೆ ತುಸು ಹಿಂದಕ್ಕೆ ಬಾಗಿಸಿ, ಒಂದು ಹನಿಯೂ ಚೆಲ್ಲದಂತೆ ಬಿಟ್ಟಳು. ಪಳಗಿದ ಕೈ.

ಬಿಲ್ಕಿ ಕೆಮ್ಮಿ ಕಣ್ಣೀರು ಒರೆಸಿಕೊಂಡಳು. "ಅಯ್ಯೋ, ವಿಷ ಇದು ಅಕ್ಕಾ!"

ಹೆಂಗಸರೆಲ್ಲ ನಕ್ಕರು. ಹನ್ಸತುವೂ ನಕ್ಕು, ಒಳಗಿಂದ ಜೇನುತುಪ್ಪ ತಂದು ಅವಳ ನಾಲಿಗೆಗೆ ಸವರಿದಳು. ಎಂಥ ದೊಡ್ಡ ಮನಸ್ಸು ಎಂದು ಹೆಂಗಸರು ಮಾತಾಡಿಕೊಂಡರು. ಇವತ್ತಿಗೆ ನಾಲ್ಕನೇ ಚಮಚ.