ಬಡಿದು ಮುಚ್ಚಿದ ಬ್ರೇಕ್ ಪೈಪ್

ಹಳೆಯ ಪಿಕಪ್‌ನ ಹಿಂದಿನ ಚಕ್ರದ ಡ್ರಮ್ ಕಳಚಿದ ನನಗೆ ಮೈ ಉರಿದುಹೋಯಿತು. ಬ್ರೇಕ್ ಶೂ ಸವೆದು ಕಬ್ಬಿಣ ಕಾಣುತ್ತಿತ್ತು. ಅದು ಹೋಗಲಿ, ಹಿಂದಿನ ಬ್ರೇಕುಗಳಿಗೆ ಆಯಿಲ್ ಬರುವ ಪೈಪನ್ನೇ ಯಾರೋ ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ ಮುಚ್ಚಿದ್ದರು. ಅಂದರೆ ಹಿಂದಿನ ಎರಡೂ ಚಕ್ರಕ್ಕೆ ಬ್ರೇಕೇ ಇರಲಿಲ್ಲ.

ಗಾಡಿಯ ಮಾಲೀಕ ನಕ್ಕ. “ಆಯಿಲ್ ಸೋರ್ತಿತ್ತು ಮೇಸ್ತ್ರಿ, ದಾವಣಗೆರೆಯಾಗ ಒಬ್ಬ ಮೇಸ್ತ್ರಿ ಕಡೆ ಬಡಿಸಿ ಮುಚ್ಚಿಸಿದೆ. ಮುಂದಿನ ಬ್ರೇಕ್ ಸಾಕು. ನೀ ಕಿರುಗುಟ್ಟೋದೊಂದು ನಿಲ್ಸು, ಕೊಂಡಜ್ಜಿ ಹೊಲಕ್ಕೆ ಹೊತ್ತಾಗೈತೆ.”

ಕಳೆ ತೆಗೆಯಲು ಹೊರಟಿದ್ದ ಹೆಂಗಸರು ಗಾಡಿಯಿಂದ ಇಳಿದು ಹರಿಹರದ ನನ್ನ ಗ್ಯಾರೇಜಿನ ನೆರಳಲ್ಲಿ ಕೂತಿದ್ದರು. ಇಷ್ಟು ಜನರನ್ನು ಹಿಂದೆ ತುಂಬಿಕೊಂಡು ಓಡಾಡುತ್ತಿದ್ದಾನಲ್ಲ!

“ಬ್ರೇಕ್ ಸರಿ ಮಾಡ್ದೆ ಚಕ್ರ ಹಾಕಂಗಿಲ್ರಿ” ಎಂದೆ.

“ಗಾಡಿ ನಂದು, ನಿಂದೇನ್ ದರ್ಬಾರು?” ಎಂದು ಅವನು ಕೂಗಾಡಿದ.

ಜಗಳ ಕೇಳಿ ಹೆಂಗಸರಲ್ಲೊಬ್ಬ ಹಿರಿಯಾಕೆ ಎದ್ದು ಬಂದರು. ಪೈಪ್ ತೋರಿಸಿ, ಹಿಂದಿನ ಚಕ್ರಗಳಿಗೆ ಬ್ರೇಕಿಲ್ಲವೆಂದು ಹೇಳಿದೆ. ಆಕೆ ಮಾಲೀಕನತ್ತ ತಿರುಗಿ, “ಹಂಗಾರ ಮುಂದ್ ಕುಂತ ನಿಮಗೆ ಬ್ರೇಕ್ ಐತೆ, ಹಿಂದ್ ಕುಂತ ನಮಗಿಲ್ಲ ಅಂದಂಗಾತು, ಸಾವ್ಕಾರ್ರೆ” ಎಂದವರೇ ಗಾಡಿಯಲ್ಲಿದ್ದ ತಮ್ಮ ಬುತ್ತಿ ಗಂಟು ಇಳಿಸಿಕೊಂಡರು. ಉಳಿದವರೂ ಇಳಿಸಿಕೊಂಡರು. ಮಾಲೀಕ ಹೊಸ ಸಾಮಾನು ತರಲು ಹೊರಟ.

ಅವನ ಮೇಲಿನ ಸಿಟ್ಟು ಅಂದೇ ಇಳಿಯಿತು. ಇಳಿಯದ ಸಿಟ್ಟು ಬೇರೆಯದು. ಶಾಲೆ ಬಿಟ್ಟಾಗಿನಿಂದ ಸ್ಪ್ಯಾನರ್ ಹಿಡಿದಿದ್ದೇನೆ, ಈ ಕಸುಬಿನಿಂದಲೇ ತಲೆಯೆತ್ತಿ ಬದುಕಿದ್ದೇನೆ. ಆ ಪೈಪನ್ನು ಬಡಿದು ಮುಚ್ಚಿ ಗಾಡಿಯನ್ನು ರಸ್ತೆಗೆ ಬಿಟ್ಟವನೂ ನನ್ನಂಥ ಒಬ್ಬ ಮೇಸ್ತ್ರಿಯೇ.