ಅತ್ತೆ ಎಳೆದ ಚೀನಾ ಬಲೆ

ಇವತ್ತು ಅಂಗಡಿಯೊಂದರ ಮುಂದೆ ನೆನೆದ ತೆಂಗಿನ ನಾರಿನ ಹಗ್ಗದ ವಾಸನೆ ಬಂದದ್ದೇ ತಡ, ನಾನು ಫೋರ್ಟ್ ಕೊಚ್ಚಿಯ ಕಡಲ ದಂಡೆಯಲ್ಲಿದ್ದೆ.

ಅಪ್ಪನಿಗೆ ಆಗ ತಿರುವನಂತಪುರದಲ್ಲಿ ಕೆಲಸ. ಮೈಸೂರಿನಿಂದ ದೊಡ್ಡಪ್ಪನ ಮನೆಯವರು ಬಂದರೆ ಮ್ಯೂಸಿಯಂ, ಕೋವಳಂ, ಕೊಚ್ಚಿ ಎಲ್ಲ ತೋರಿಸುವುದು ರೂಢಿ. ಗಂಡ ತೀರಿಕೊಂಡ ಮೇಲೆ ಅವರೊಂದಿಗಿದ್ದ ನಮ್ಮತ್ತೆಯೂ ಬರುತ್ತಿದ್ದರು. ಆದರೆ ಹೋದಲ್ಲೆಲ್ಲ ಹೊರಗೆ ಕೂತು ಚೀಲ ಕಾಯುವುದೇ ಅವರ ಪಾಲು.

ದಂಡೆಯಲ್ಲಿ ಮರದ ಕಂಬಗಳಿಗೆ ಕಟ್ಟಿ ನೀರಿಗಿಳಿಸಿದ ದೊಡ್ಡ ಚೀನಾ ಬಲೆ ಎತ್ತುವ ಮೀನುಗಾರರು ಹಗ್ಗ ಎಳೆಯಲು ಪ್ರವಾಸಿಗರನ್ನೂ ಕರೆಯುತ್ತಿದ್ದರು. ಒಬ್ಬ ಮುದುಕ ಅತ್ತೆಯತ್ತ ಕೈ ಬೀಸಿ, "ಚೇಚ್ಚೀ, ವಾ!" ಎಂದ, ಅಕ್ಕಾ ಬಾ ಅಂತ.

"ನೀನು ಚೀಲ ನೋಡ್ಕೊಂಡಿರು," ಎಂದರು ದೊಡ್ಡಪ್ಪ. "ನೋಡಿದವರು ಏನಂದ್ಕೊಂಡಾರು?"

ಅತ್ತೆ ಮೂರೂ ಚೀಲಗಳನ್ನು ದೊಡ್ಡಪ್ಪನ ಕೈಗೇ ನೇತುಹಾಕಿದರು. "ಅಂದ್ಕೊಳ್ಳಲಿ ಅಣ್ಣ. ನಾನೂ ಊರು ನೋಡಕ್ಕೇ ಬಂದಿರೋದು."

ಸೆರಗು ಸಿಕ್ಕಿಸಿ, ಹಗ್ಗಕ್ಕೆ ಜೋತುಬಿದ್ದು ಎಳೆದರು. ಬಲೆ ನೀರು ಸುರಿಸುತ್ತ ಮೇಲೆದ್ದಿತು. ಸಿಕ್ಕಿದ್ದು ನಾಲ್ಕೇ ಮೀನು. ಅಂಗೈ ಕೆಂಪಾಗಿದ್ದರೂ ಅತ್ತೆ ನಗುತ್ತ, "ಇನ್ನೊಂದ್ಸಲ" ಎಂದರು.

ಅವರಿಗೀಗ ಎಪ್ಪತ್ತು. ನಿನ್ನೆ ಫೋನ್ ಮಾಡಿ, ನಾಳೆ ಪ್ರವಾಸ ಹೊರಟಿದ್ದೀನಿ ಎಂದರು.

"ಕಾಶಿಗಾ ಅತ್ತೆ?"

"ಅಲ್ಲ ಕಣೇ, ಅಂಡಮಾನಿಗೆ. ಒಬ್ಬಳೇ."